ಬಾನಿನ ಹೆಸರುಗಳು: ಗ್ರೀಕ್ ಪುರಾಣನಾಮಗಳ ಕನ್ನಡ ರೂಪವನ್ನು ಕುರಿತು

ಕಾರ್ತಿಕ ಮಾಸದ ಅಮಾವಾಸ್ಯೆಯ ಸುಮಾರಿನಲ್ಲಿ ನಮ್ಮ ಊರಿನ ಆಕಾಶವು ಬಹಳ ನಿರ್ಮಲವಾಗಿರುತ್ತದೆ. ಅಂಥದೊಂದು ರಾತ್ರಿ ಶಾಲೆಯ ಕೆಲವು ಮಕ್ಕಳನ್ನು ಬಯಲಿಗೆ ಕರೆದುಕೊಂಡು ಹೋಗಿ ನಕ್ಷತ್ರಗಳನ್ನು ತೋರಿಸುತ್ತಿದ್ದೆನು. ಉತ್ತರದಲ್ಲಿ ಐದು ಚುಕ್ಕೆಗಳು ಇಂಗ್ಲಿಷಿನ 'ಎಂ' ಅಕ್ಷರದಂತೆ ನಿಂತಿದ್ದುವು. ಅವನ್ನು ತೋರಿಸಿ 'ಇವಳು ಕುಂತಿ' ಎಂದೆನು. ನೆತ್ತಿಯ ಕಡೆಗೆ ಕೈಯೆತ್ತಿ 'ಇವಳು ದ್ರೌಪದಿ, ಅವಳ ಪಕ್ಕದಲ್ಲಿರುವವನು ಪಾರ್ಥ' ಎಂದೆನು. ಆಗ ಹುಡುಗನೊಬ್ಬನು, "ಗುರೂಜಿ, ನಮ್ಮ ಅಣ್ಣನ ಮರಾಠಿ ಪುಸ್ತಕದಾಗ ಈಕಿ ಹೆಸರ ದೇವಯಾನಿ ಅಂತ ಅದರಿ. ಖರೆ ಹೆಸರ ಯಾವ್ದರಿ?" ಎಂದು ಕೇಳಿದನು. ನಾನು ಆ ಕ್ಷಣದಲ್ಲಿ 'ಎರಡೂ ಖರೆ' ಎಂದು ಹೇಳಿ ಮುಂದೆ ಸಾಗಿದೆನು. ಹುಡುಗನು ಸುಮ್ಮನಾದನು, ಆದರೆ ಆ ಉತ್ತರದಿಂದ ನನಗೆ ಸಮಾಧಾನವಾಗಲಿಲ್ಲ. ಆ ಪ್ರಶ್ನೆಗೆ ಸಲ್ಲಬೇಕಾದ ಉತ್ತರವನ್ನು ಹುಡುಕುವ ಪ್ರಯತ್ನವೇ ಈ ಲೇಖನ.

ಈ ಪ್ರಶ್ನೆ ನಮ್ಮ ಭಾಗದಲ್ಲಿಯೇ ಏಳತಕ್ಕದ್ದು. 1956ನೆಯ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಜಿಲ್ಲೆಯಲ್ಲಿದ್ದ ಉದಗೀರ, ನಿಲಂಗಾ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದುವು. 1960ರಲ್ಲಿ ಮಹಾರಾಷ್ಟ್ರವು ರೂಪುಗೊಂಡಾಗ ಉಮರ್ಗಾ ಮೊದಲಾದ ನೆರೆಯ ತಾಲ್ಲೂಕುಗಳೊಡನೆ ಅದರಲ್ಲಿಯೇ ಉಳಿದುವು. ಕವಿರಾಜಮಾರ್ಗಕಾರನು ಒಂಬತ್ತನೆಯ ಶತಮಾನದಲ್ಲಿ ಕನ್ನಡ ನಾಡಿನ ಬಡಗಣ ಎಲ್ಲೆಯನ್ನು ಗೋದಾವರಿಯಲ್ಲಿ ಗುರುತಿಸಿದ್ದನೆಂಬುದನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ. ಆದರೆ ನಮ್ಮ ಮಕ್ಕಳು ಮನೆಯಲ್ಲಿ ಒಂದು ಭಾಷೆಯನ್ನೂ ಪೇಟೆಯಲ್ಲಿ ಇನ್ನೊಂದು ಭಾಷೆಯನ್ನೂ ಆಡುತ್ತ ಬೆಳೆಯುವವರು. ಅವರಿಗೆ ಒಂದೇ ಚುಕ್ಕೆಗೆ ಎರಡು ಹೆಸರು ಕೇಳಿಬರುವುದು ದಿನನಿತ್ಯದ ಅನುಭವ.

ಮೊದಲು ಮೂಲದ ಕಥೆಯನ್ನು ನೋಡೋಣ. ಗ್ರೀಕರ ಪುರಾಣದಲ್ಲಿ ಸೀಫಿಯಸ್ ಎಂಬವನು ಇಥಿಯೋಪಿಯದ ಅರಸು. ಕ್ಯಾಸಿಯೋಪಿಯ ಅವನ ರಾಣಿ. ಸಮುದ್ರಕನ್ಯೆಯರಿಗಿಂತಲೂ ಮಿಗಿಲಾದ ಸೌಂದರ್ಯ ತಮ್ಮದೆಂದು ಅವಳು ಜಂಬ ಕೊಚ್ಚಿದಳು. ಕಡಲ ದೇವತೆಯಾದ ಪೊಸೈಡನ್ ಸಿಟ್ಟಾಗಿ ಒಂದು ಘೋರ ಜಲಚರವನ್ನು ಆ ನಾಡಿನ ಮೇಲೆ ಬಿಟ್ಟನು. ಅದರ ಶಾಂತಿಗಾಗಿ ನಿರಪರಾಧಿಯಾದ ಮಗಳು ಆಂಡ್ರೊಮಿಡಳನ್ನು ಕಡಲ ಬಂಡೆಗೆ ಕಟ್ಟಿಹಾಕಬೇಕಾಯಿತು. ಮೆಡೂಸಳನ್ನು ಕೊಂದು ಹಿಂದಿರುಗುತ್ತಿದ್ದ ಪರ್ಸಿಯಸ್ ಎಂಬ ವೀರನು ಆ ಪ್ರಾಣಿಯನ್ನು ಸಂಹರಿಸಿ, ಅವಳನ್ನು ಬಿಡಿಸಿ, ಮದುವೆಯಾದನು. ತಾಯಿಯ ಅಹಂಕಾರ, ಮಗಳ ಸಂಕಟ, ವೀರನ ಕರುಣೆ, ಕೊನೆಗೆ ವಿವಾಹ: ಇವು ಕಥೆಯ ನಾಲ್ಕು ಕಂಬಗಳು. ಕ್ಯಾಸಿಯೋಪಿಯ ತನ್ನ ಪೀಠದ ಮೇಲೆ ಕುಳಿತು, ಕೆಲವೊಮ್ಮೆ ತಲೆಕೆಳಗಾಗಿ, ಧ್ರುವವನ್ನು ಸುತ್ತುತ್ತಿರುವುದು ಆ ಅಹಂಕಾರದ ದಂಡನೆಯೆಂದು ಗ್ರೀಕರು ಹೇಳಿದರು.

ಈ ಕುಟುಂಬವನ್ನು ಮರಾಠಿಯವರು ತಮ್ಮ ಆಕಾಶಕ್ಕೆ ತಂದುಕೊಂಡಾಗ ಸೀಫಿಯಸ್ ವೃಷಪರ್ವನಾದನು, ಕ್ಯಾಸಿಯೋಪಿಯ ಶರ್ಮಿಷ್ಠೆಯಾದಳು, ಆಂಡ್ರೊಮಿಡ ದೇವಯಾನಿಯಾದಳು, ಪರ್ಸಿಯಸ್ ಯಯಾತಿಯಾದನು. ಕನ್ನಡದ ವಿಜ್ಞಾನ ಲೇಖಕರು ಇನ್ನೊಂದು ದಾರಿಯನ್ನು ಹಿಡಿದರು. ಅವರ ಗ್ರಂಥಗಳಲ್ಲಿ ಈ ನಾಲ್ವರೂ ಯುಧಿಷ್ಠಿರ, ಕುಂತಿ, ದ್ರೌಪದಿ, ಪಾರ್ಥರಾಗಿದ್ದಾರೆ. ಕನ್ನಡಿಗರಿಗೆ ನಕ್ಷತ್ರವೀಕ್ಷಣೆಯ ರುಚಿಯನ್ನು ಹತ್ತಿಸಿದ ಜಿ. ಟಿ. ನಾರಾಯಣರಾಯರಂಥವರ ಪರಿಶ್ರಮಕ್ಕೆ ನಾವೆಲ್ಲರೂ ಋಣಿಗಳು. ಆದರೂ ಋಣಭಾವವು ವಿಮರ್ಶೆಗೆ ಅಡ್ಡಿಯಾಗಬಾರದು. ಎರಡು ನಾಮಾವಳಿಗಳಲ್ಲಿ ಯಾವುದು ಕಥೆಗೆ ಹೆಚ್ಚು ಒಪ್ಪುತ್ತದೆ?

ಕನ್ನಡದ ಪಕ್ಷದಲ್ಲಿ ಹೇಳಬೇಕಾದ ಮಾತು ಇದೆ. ಪರ್ಸಿಯಸನು ಜಲಚರವನ್ನು ಕೊಂದು ವಧುವನ್ನು ಪಡೆದನು. ಪಾರ್ಥನು ಮತ್ಸ್ಯಯಂತ್ರವನ್ನು ಭೇದಿಸಿ ದ್ರೌಪದಿಯನ್ನು ಗೆದ್ದನು. ಮೀನೂ ಮದುವೆಯೂ ಎರಡು ಕಡೆಗಳಲ್ಲಿಯೂ ಉಂಟು. ಮೇಲಾಗಿ, ಬಾನಿನಲ್ಲಿ ದ್ರೌಪದಿಯ ಪಕ್ಕದಲ್ಲಿರುವವನು ಪಾರ್ಥನೊಬ್ಬನೇ. ಇದು ವ್ಯಾಸಭಾರತಕ್ಕೆ ಒಪ್ಪದಿರಬಹುದು; ಆದರೆ ಪಂಪನ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನಿಗೇ ಪತ್ನಿಯಾದವಳು. ಹೆಸರಿಟ್ಟವರ ಮನಸ್ಸಿನಲ್ಲಿ ಇದು ಇದ್ದಿತೊ ಇಲ್ಲವೊ, ಕನ್ನಡ ಓದುಗನಿಗಂತೂ ಆ ಆಕಾಶವು ವಿಕ್ರಮಾರ್ಜುನ ವಿಜಯದ ಒಂದು ಪುಟದಂತೆ ಕಾಣುತ್ತದೆ.

ಆದರೆ ಮಿಕ್ಕ ಕಂಬಗಳನ್ನು ಮುಟ್ಟಿ ನೋಡಿದರೆ ಅವು ಅಲುಗಾಡುತ್ತವೆ. ಕುಂತಿಗೂ ಅಹಂಕಾರಕ್ಕೂ ಏನು ಸಂಬಂಧ? ಬಾಳಿನುದ್ದಕ್ಕೂ ತಲೆಬಾಗಿ ನಡೆದ ಆ ತಾಯಿಯನ್ನು ಜಂಬಗಾತಿಯ ಪೀಠದಲ್ಲಿ ಕೂರಿಸಿ ತಲೆಕೆಳಗಾಗಿ ತಿರುಗಿಸುವುದು ನ್ಯಾಯವಲ್ಲ. ಅವಳು ದ್ರೌಪದಿಗೆ ಅತ್ತೆ, ತಾಯಿಯಲ್ಲ. ಯುಧಿಷ್ಠಿರನು ಅವಳ ಮಗ, ಪತಿಯಲ್ಲ. ಸ್ವಯಂವರದ ಮಂಟಪದಲ್ಲಿ ನಿಂತ ದ್ರೌಪದಿ ಯಾವ ಬಂಡೆಗೂ ಕಟ್ಟಲ್ಪಟ್ಟವಳಲ್ಲ.

ಮರಾಠಿಯ ನಾಮಾವಳಿಯಲ್ಲಿಯೂ ಬಂಧುತ್ವದ ದೋಷವುಂಟು: ಶರ್ಮಿಷ್ಠೆ ವೃಷಪರ್ವನ ಮಗಳೇ ಹೊರತು ರಾಣಿಯಲ್ಲ. ಆದರೆ ಕಥೆಯ ಎಲುಬನ್ನು ನೋಡಿ. ಕೊಳದ ದಡದಲ್ಲಿ ಉಟ್ಟ ಬಟ್ಟೆ ಅದಲುಬದಲಾದಾಗ ರಾಜಪುತ್ರಿಯೆಂಬ ಗರ್ವದಿಂದ ಶರ್ಮಿಷ್ಠೆ ದೇವಯಾನಿಯನ್ನು ಹಳಿದು ಬಾವಿಗೆ ನೂಕಿದಳು. ಬೇಟೆಗೆ ಬಂದ ಯಯಾತಿಯು ಕೈಹಿಡಿದು ಮೇಲೆತ್ತಿದನು. ಹಿಡಿದ ಕೈಯೇ ಪಾಣಿಗ್ರಹಣವಾಯಿತು. ಒಬ್ಬಳ ಗರ್ವ, ಇನ್ನೊಬ್ಬಳ ಸಂಕಟ, ದಾರಿಹೋಕ ವೀರನ ಕೈ, ವಿವಾಹ: ನಾಲ್ಕು ಕಂಬಗಳೂ ಸ್ವಸ್ಥಾನದಲ್ಲಿವೆ. ಆದುದರಿಂದ, ಕನ್ನಡದ ಮೇಷ್ಟರಾದ ನನಗೆ ಹೇಳಲು ಸ್ವಲ್ಪ ಕಷ್ಟವಾದರೂ, ಈ ಒಂದು ವಿಷಯದಲ್ಲಿ ಮರಾಠಿಯವರ ಆಯ್ಕೆಯೇ ಮೇಲೆಂದು ಒಪ್ಪಬೇಕು. ಗಡಿಯಲ್ಲಿ ವಾಸಿಸುವವನು ನೆರೆಯವರ ಒಳ್ಳೆಯದನ್ನು ಕಾಣದಿದ್ದರೆ ಅವನ ಅಭಿಮಾನಕ್ಕೆ ಬೆಲೆಯಿಲ್ಲ. ಅಷ್ಟಕ್ಕೂ ಯಯಾತಿ ಯಾರ ಸ್ವತ್ತು? ವಿ. ಸ. ಖಾಂಡೇಕರರು ಅವನನ್ನು ಕುರಿತು 1959ರಲ್ಲಿ ಮರಾಠಿ ಕಾದಂಬರಿ ಬರೆದರು. ಗಿರೀಶ ಕಾರ್ನಾಡರು 1961ರಲ್ಲಿ ಕನ್ನಡ ನಾಟಕ ಬರೆದರು.

ಇನ್ನು ಒರಾಯನ್ ಪುಂಜದ ವಿಚಾರ. ಗ್ರೀಕರಿಗೆ ಅವನು ಬೇಟೆಗಾರ. ಕನ್ನಡ ಗ್ರಂಥಗಳು ಅದನ್ನು 'ಮಹಾವ್ಯಾಧ' ಎಂದು ಕರೆದುವು. ಆದರೆ ನಮ್ಮ ಪೂರ್ವಿಕರಿಗೆ ಆ ಚುಕ್ಕೆಗಳು ಬೇಟೆಗಾರನಲ್ಲ, ಬೇಟೆಗೆ ಈಡಾದ ಮೃಗ. ಅದನ್ನು ಅಟ್ಟುವ ಬೇಡನು ಕೆಳಗೆ ಥಳಥಳಿಸುವ ಲುಬ್ಧಕ. ಹೊಸ ಹೆಸರು ಬಂದುದರಿಂದ ಆಕಾಶದಲ್ಲಿ ಇಬ್ಬರು ಬೇಟೆಗಾರರಾದರು, ಜಿಂಕೆಯು ಕಾಣೆಯಾಯಿತು! ಜೂನ್ 7ರ ಸುಮಾರಿಗೆ ಸೂರ್ಯನು ಆ ನಕ್ಷತ್ರಕ್ಕೆ ಬರುವನೆಂದು ನಮ್ಮ ರೈತರು ಬಿತ್ತನೆಗೆ ಅಣಿಯಾಗುತ್ತಾರೆ. 'ಮಿರಗ ಕೂಡಿತು' ಎಂಬ ಮಾತನ್ನು ತಿಳಿಯಲು ಕನ್ನಡ ರೈತನಿಗಾಗಲಿ ಮರಾಠಿ ರೈತನಿಗಾಗಲಿ ದುಭಾಷಿ ಬೇಕಿಲ್ಲ. ಜನರ ಬಾಯಲ್ಲಿ ಜೀವಂತವಾಗಿರುವ ಹೆಸರೊಂದು ಇರುವಾಗ ಗ್ರೀಕ್ ಹೆಸರಿನ ಭಾಷಾಂತರವನ್ನು ಅದರ ಮೇಲೆ ಹೇರುವುದು ಅನುಚಿತ.

ಹಾಗಾದರೆ ಪರದೇಶದ ಪುರಾಣನಾಮವನ್ನು ನಮ್ಮದಾಗಿ ಮಾಡಿಕೊಳ್ಳುವುದೇ ತಪ್ಪೆ? ಹಾಗೆ ಹೇಳುವ ಧೈರ್ಯ ಕನ್ನಡ ಸಾಹಿತ್ಯವನ್ನು ಓದಿದ ಯಾರಿಗೂ ಇರಲಾರದು. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು 1929ರಲ್ಲಿ ಸೋಫೋಕ್ಲಿಸನ 'ಏಜಾಕ್ಸ್' ನಾಟಕವನ್ನು 'ಅಶ್ವತ್ಥಾಮನ್' ಎಂದು ಕನ್ನಡಕ್ಕೆ ತಂದರು. ಅವಮಾನದಿಂದ ಕೆರಳಿ, ಇರುಳಿನಲ್ಲಿ ಕೊಲೆಗೆ ಹೊರಡುವ ವೀರನ ರೋಷಕ್ಕೆ ಮಹಾಭಾರತದಲ್ಲಿ ಅಶ್ವತ್ಥಾಮನಿಗಿಂತ ಸರಿಯಾದ ಜೋಡಿ ಸಿಕ್ಕದು. ಆದರೆ ಏಜಾಕ್ಸನು ತನ್ನ ಕತ್ತಿಗೆ ತಾನೇ ಬಿದ್ದು ಸತ್ತವನು, ಅಶ್ವತ್ಥಾಮನು ಚಿರಂಜೀವಿ. ಶ್ರೀಯವರು ಆ ಚಿರಂಜೀವಿಯನ್ನು ನಾಟಕದಲ್ಲಿ ಸಾವಿಗೆ ಒಪ್ಪಿಸಿದರು. ಇದು ಪರಂಪರೆಗೆ ವಿರೋಧವೆಂಬ ಆಕ್ಷೇಪಣೆ ಸಹಜವಾದುದು. ಆದರೂ ನಾಟಕವು ನಿಲ್ಲುತ್ತದೆ. ಏಕೆಂದರೆ ಶ್ರೀಯವರು ಹೆಸರನ್ನು ಮಾತ್ರ ಬದಲಿಸಲಿಲ್ಲ. ಆ ಹೆಸರಿನ ಭಾರವನ್ನು ಹೊರಬಲ್ಲ ಮಾತನ್ನೂ ಛಂದಸ್ಸನ್ನೂ ಸನ್ನಿವೇಶವನ್ನೂ ಕಟ್ಟಿದರು. ಅದೇ ಶ್ರೀಯವರು 1935ರ 'ಪಾರಸಿಕರು' ನಾಟಕದಲ್ಲಿ ಈಸ್ಕಿಲಸನ ಪಾತ್ರಗಳನ್ನು ಪಾರಸಿಕರಾಗಿಯೇ ಉಳಿಸಿಕೊಂಡರು. ಎಲ್ಲಿ ಬದಲಿಸಬೇಕು, ಎಲ್ಲಿ ಬದಲಿಸಬಾರದು ಎಂಬ ವಿವೇಕವೇ ಅಲ್ಲಿಯ ಪಾಠ. ನಕ್ಷತ್ರಪಟದ ಮೇಲೆ ಬರೆದ ಒಂಟಿ ಹೆಸರಿಗೆ ಇಂಥ ಆಸರೆಯಿಲ್ಲ. ಅದು ಮೂಲಕಥೆಯನ್ನು ಮರೆಸುತ್ತದೆ. ಅದರ ಸ್ಥಾನದಲ್ಲಿ ಇನ್ನೊಂದು ಕಥೆಯನ್ನು ಪೂರ್ತಿಯಾಗಿ ಕೊಡುವುದೂ ಇಲ್ಲ.

ಎಲ್ಲ ಹೆಸರುಗಳೂ ಕಥೆಯನ್ನು ಹೊತ್ತು ಬರುವುದಿಲ್ಲ ಎಂಬುದನ್ನೂ ಗಮನಿಸಬೇಕು. ಸ್ವೀಡನ್ನಿನ ಲಿನೇಯಸನು 1758ರಲ್ಲಿ ಚಿಟ್ಟೆಗಳಿಗೆ ಹೆಸರಿಡುವಾಗ ಟ್ರಾಯ್ ಯುದ್ಧದ ವೀರರನ್ನು ಸಾಲಾಗಿ ಕರೆದನು. ನಮ್ಮ ಶಾಲೆಯ ಅಂಗಳದ ನಿಂಬೆ, ಕರಿಬೇವಿನ ಗಿಡಗಳ ಎಲೆ ತಿಂದು ಬೆಳೆಯುವ ಚಿಟ್ಟೆಗೆ ಡೆಮೋಲಿಯಸ್ ಎಂಬ ಗ್ರೀಕ್ ಯೋಧನ ಹೆಸರಿದೆ. ಕಪ್ಪು ರೆಕ್ಕೆ, ಕೆಂಪು ಮೈಯ ವಿಷದ ಚಿಟ್ಟೆಯೊಂದು ಹೆಕ್ಟರ್. ಅದರ ವೇಷವನ್ನು ಧರಿಸಿ ಹಕ್ಕಿಗಳಿಂದ ಪಾರಾಗುವ ಹೆಣ್ಣುಗಳುಳ್ಳ ಇನ್ನೊಂದು ಜಾತಿ ಪಾಲಿಟಿಸ್, ಎಂದರೆ ಹೆಕ್ಟರನ ತಮ್ಮ. ಮಹಾರಾಷ್ಟ್ರವು 2015ರಲ್ಲಿ ರಾಜ್ಯದ ಚಿಟ್ಟೆಯೆಂದು ಆರಿಸಿಕೊಂಡುದು ಪಾಲಿಮ್ನೆಸ್ಟರ್. ಕರ್ನಾಟಕದ ಚಿಟ್ಟೆ ಮೀನೋಸ್. ಗಡಿಯ ಎರಡು ಕಡೆಗೂ ಗ್ರೀಕ್ ಪುರಾಣದ ಅರಸರೇ! ಪಾಲಿಮ್ನೆಸ್ಟರನು ಹೊನ್ನಿನ ಆಸೆಗೆ ತನ್ನಲ್ಲಿ ಆಶ್ರಯಕ್ಕೆ ಬಿಟ್ಟ ಬಾಲಕನನ್ನು ಕೊಂದವನೆಂದು ಹೇಳಿ ಆ ಸುಂದರ ಚಿಟ್ಟೆಯನ್ನು ಯಾರೂ ದೂಷಿಸರು. ಇಲ್ಲಿ ಹೆಸರು ಗುರುತಿನ ಚೀಟಿ ಮಾತ್ರ. ಜಗತ್ತಿನ ವಿದ್ವಾಂಸರೆಲ್ಲರಿಗೂ ಒಂದೇ ಆಗಿರುವುದೇ ಅದರ ಗುಣ. ಅದನ್ನು ಭಾಷಾಂತರಿಸಬೇಕಿಲ್ಲ.

ಯಂತ್ರಗಳ ಜಗತ್ತಿನಲ್ಲಿಯೂ ಹೀಗೆಯೇ. ಊರಿನ ಟ್ರ್ಯಾಕ್ಟರಿನ ಟಾಯರಿನ ಮೇಲೆ 'ಅಪೊಲೊ' ಎಂದು ಅಚ್ಚೊತ್ತಿರುವುದನ್ನು ಮಕ್ಕಳು ನಿತ್ಯವೂ ಓದುತ್ತಾರೆ. ಅದೇ ಹೆಸರಿನ ನೌಕೆ 1969ರ ಜುಲೈಯಲ್ಲಿ ಮನುಷ್ಯರನ್ನು ಚಂದ್ರನ ಮೇಲೆ ಇಳಿಸಿತು. 2022ರ ನವೆಂಬರಿನಲ್ಲಿ ಅಮೆರಿಕದವರು ಚಂದ್ರನ ಕಡೆಗೆ ಮತ್ತೊಂದು ನೌಕೆಯನ್ನು ಕಳಿಸಿದಾಗ ಆ ಯೋಜನೆಗೆ 'ಆರ್ಟೆಮಿಸ್' ಎಂಬ ಹೆಸರಿತ್ತು. ಆರ್ಟೆಮಿಸ್ ಎಂದರೆ ಅಪೊಲೊವಿನ ಅವಳಿ ಸೋದರಿ, ಚಂದ್ರನೊಡನೆ ಸಂಬಂಧವುಳ್ಳ ದೇವತೆ. ಕಥೆ ತಿಳಿದವನಿಗೆ ಈ ಹೆಸರು ಮುಗುಳ್ನಗೆ ತರಿಸುತ್ತದೆ; ತಿಳಿಯದವನಿಗೆ ಅದು ಬರಿಯ ಸದ್ದು.

ಇಷ್ಟರಿಂದ ನನಗೆ ತೋರಿದ ತೀರ್ಮಾನ ಇದು. ಜನ ಬಳಸುವ ಹೆಸರಿದ್ದರೆ ಅದೇ ಮೊದಲು ಬರಲಿ. ಗುರುತಿನ ಚೀಟಿಯಂತಿರುವ ಶಾಸ್ತ್ರನಾಮವು ಇದ್ದಂತೆಯೇ ಇರಲಿ. ಕಥೆಯನ್ನು ಹೊತ್ತ ಹೆಸರನ್ನು ನಮ್ಮ ಹೆಸರಿನಿಂದ ಕರೆಯುವಾಗ ಪಕ್ಕದಲ್ಲಿ ಮೂಲದ ಹೆಸರೂ ಮೂಲದ ಕಥೆಯೂ ಇರಲಿ. ದ್ರೌಪದಿಯೆಂಬ ಹೆಸರನ್ನು ನಾನು ಬಿಡೆನು. ಆದರೆ ಅದರಿಂದ ಆಂಡ್ರೊಮಿಡಳ ಸಂಕಟವು ಮಕ್ಕಳಿಗೆ ಮರೆಯಾಗಬಾರದು.

ಮುಂದಿನ ಅಮಾವಾಸ್ಯೆಗೆ ಅದೇ ಮಕ್ಕಳನ್ನು ಮತ್ತೆ ಬಯಲಿಗೆ ಕರೆದೊಯ್ದೆನು. ಪ್ರಶ್ನೆ ಕೇಳಿದ ಹುಡುಗನನ್ನು ಮುಂದೆ ಕೂರಿಸಿಕೊಂಡು ಬಂಡೆಗೆ ಕಟ್ಟಿದ ರಾಜಕುಮಾರಿಯ ಕಥೆ, ಬಾವಿಗೆ ಬಿದ್ದ ಗುರುಪುತ್ರಿಯ ಕಥೆ, ಮೀನಿನ ಕಣ್ಣಿಗೆ ಬಾಣವಿಟ್ಟವನ ಕಥೆ, ಮೂರನ್ನೂ ಹೇಳಿದೆನು. ಆ ಪುಂಜದಲ್ಲಿ ಮಸುಕಾಗಿ ಕಾಣುವ ಒಂದು ಬೆಳಕಿನ ಚುಕ್ಕೆಯನ್ನು ತೋರಿಸಿ, ಅದು ನಮ್ಮ ಆಕಾಶಗಂಗೆಯಂಥ ಇನ್ನೊಂದು ನಕ್ಷತ್ರಲೋಕವೆಂದೂ, ಅದು ನಮ್ಮ ಲೋಕದ ಹೊರಗಿನದೆಂದು ಎಡ್ವಿನ್ ಹಬಲ್ 1923ರಲ್ಲಿ ತೆಗೆದ ಛಾಯಾಚಿತ್ರದಿಂದ ತಿಳಿದುಬಂದಿತೆಂದೂ, ಅಲ್ಲಿಂದ ಬೆಳಕು ಹೊರಟು ಸುಮಾರು 25 ಲಕ್ಷ ವರ್ಷಗಳಾದುವೆಂದೂ ವಿವರಿಸಿದೆನು. ಹುಡುಗನು ಬಹಳ ಹೊತ್ತು ಅದನ್ನೇ ನೋಡುತ್ತಿದ್ದು, "ಮನಿಗೆ ಹೋಗಿ ಅಣ್ಣಗ ಮೂರೂ ಕಥಿ ಹೇಳ್ತೀನ್ರಿ" ಎಂದನು. ನಮ್ಮ ಸಂಘದ ಸದಸ್ಯರಲ್ಲಿ ಯಾರಾದರೂ ತಮ್ಮ ಊರಿನ ಹಿರಿಯರಿಂದ ನಕ್ಷತ್ರಗಳ ಹಳೆಯ ಹೆಸರುಗಳನ್ನು ಕೇಳಿದ್ದರೆ, ಅವು ಕನ್ನಡದವಾಗಲಿ ಮರಾಠಿಯವಾಗಲಿ, ಈ ಪತ್ರಿಕೆಗೆ ಬರೆದು ಕಳಿಸಬೇಕೆಂದು ವಿನಂತಿಸುತ್ತೇನೆ. ಹಿರಿಯರೊಡನೆ ಆ ಹೆಸರುಗಳೂ ಮರೆಯಾಗುವ ಮುನ್ನ ಅವು ಕಾಗದದ ಮೇಲೆ ಬರಲಿ.