ಆದೇಶ ಸಿಗುತ್ತದೆ, ಅಹವಾಲು ಸಿಗುವುದಿಲ್ಲ

ಐಟಿ ನೌಕರರನ್ನು ದಿನಕ್ಕೆ 14 ಗಂಟೆವರೆಗೆ ದುಡಿಸಿಕೊಳ್ಳಲು ದಾರಿ ಮಾಡುವ ಪ್ರಸ್ತಾವದ ಸುದ್ದಿ 2024ರ ಜುಲೈನಲ್ಲಿ ಹೊರಬಿತ್ತು. ಎಲೆಕ್ಟ್ರಾನಿಕ್ ಸಿಟಿಯಿಂದ ವೈಟ್‌ಫೀಲ್ಡ್‌ವರೆಗೂ ಗುಲ್ಲೆದ್ದಿತು. ನೌಕರರ ಸಂಘ ಕೆಐಟಿಯು ಪ್ರತಿಭಟನೆಗೆ ಇಳಿಯಿತು. ಆಗ ಕಾರ್ಮಿಕ ಸಚಿವ ಸಂತೋಷ್ ಲಾಡ್ ಇದು ತಮ್ಮ ಆಲೋಚನೆಯಲ್ಲ, ಉದ್ಯಮದವರ ಒತ್ತಡ ಎಂದರು. ಮೈಕಿನ ಮುಂದೆ ಬಂದ ಈ ಮಾತು ಕಡತದಲ್ಲೂ ಇರಬೇಕಿತ್ತು. ಒತ್ತಡ ಹಾಕಿದವರು ಯಾರು, ಯಾವ ಸಭೆಯಲ್ಲಿ, ಏನು ಬರೆದುಕೊಟ್ಟರು ಎಂಬುದನ್ನು ಪ್ರಕಟಿಸಲೇಬೇಕೆಂಬ ಸ್ಪಷ್ಟ ನಿಯಮ ನಮ್ಮಲ್ಲಿಲ್ಲ. ಹಾಗಾಗಿ ಸಚಿವರ ಹೇಳಿಕೆ ಮರುದಿನದ ಸುದ್ದಿಯಾಯಿತೇ ಹೊರತು ದಾಖಲೆಯಾಗಲಿಲ್ಲ.

ಅದೇ ತಿಂಗಳು ಇನ್ನೊಂದು ಪ್ರಸಂಗ ನಡೆಯಿತು. ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ಜುಲೈ 15ರಂದು ಸಂಪುಟ ಒಪ್ಪಿಗೆ ಕೊಟ್ಟಿತು. ಎರಡೇ ದಿನದಲ್ಲಿ, 17ರ ರಾತ್ರಿ, ಅದನ್ನು ತಡೆಹಿಡಿಯಲಾಯಿತು. ಆ ಮಸೂದೆ ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಐಟಿ ಉದ್ಯಮದ ಸಂಘಟನೆ ನಾಸ್ಕಾಂ ತನ್ನ ವಿರೋಧವನ್ನು ಬಹಿರಂಗವಾಗಿಯೇ ಹೇಳಿತು, ಅದು ಮೆಚ್ಚತಕ್ಕದ್ದು. ತೆರೆಯ ಹಿಂದೆ ಯಾರು ಯಾರಿಗೆ ಫೋನು ಮಾಡಿದರು ಎಂಬುದು ಮಾತ್ರ ಊಹಾಪೋಹಕ್ಕೆ ಬಿಟ್ಟ ವಿಷಯವಾಯಿತು.

ಲಾಬಿಯ ತನಿಖೆ ಎಂದ ಕೂಡಲೇ ನಮಗೆ ನೆನಪಾಗುವುದು ಲಂಚದ ತನಿಖೆ. ಲೋಕಾಯುಕ್ತ, ಸದನ ಸಮಿತಿ, ವಿಚಾರಣಾ ಆಯೋಗ ಎಲ್ಲವೂ ದುಡ್ಡು, ಜಮೀನು, ಸಹಿಗಳ ಬೆನ್ನು ಹತ್ತುತ್ತವೆ. ದುಡ್ಡು ಕೈಬದಲಾಗದೆ, ಕಾನೂನಿನ ಒಂದು ವಾಕ್ಯವಷ್ಟೇ ಬದಲಾದರೆ ಅದನ್ನು ಹುಡುಕಲು ನಮ್ಮ ವ್ಯವಸ್ಥೆಯ ಬಳಿ ಕಣ್ಣೂ ಇಲ್ಲ, ಕಾಗದವೂ ಇಲ್ಲ.

ಇದ್ದುದರಲ್ಲಿ ಒಳ್ಳೆಯದನ್ನು ಮೊದಲು ಹೇಳಬೇಕು. ಸರ್ಕಾರದ ಸಂಸ್ಥೆಯಾದ ಕರ್ನಾಟಕ ಉದ್ಯೋಗ ಮಿತ್ರ, ಹೂಡಿಕೆ ಯೋಜನೆಗಳಿಗೆ ಒಪ್ಪಿಗೆ ಕೊಡುವ ಏಕಗವಾಕ್ಷಿ ಸಮಿತಿಯ ಸಭಾ ನಡವಳಿಗಳನ್ನು ಪ್ರಕಟಿಸುತ್ತದೆ. ಬಂಡವಾಳ 500 ಕೋಟಿ ರೂಪಾಯಿ ಮೀರಿದರೆ ಯೋಜನೆ ಮುಖ್ಯಮಂತ್ರಿ ಅಧ್ಯಕ್ಷತೆಯ ಉನ್ನತ ಮಟ್ಟದ ಸಮಿತಿಗೆ ಹೋಗುತ್ತದೆ. ಅದಕ್ಕಿಂತ ಕೆಳಗಿನ ಹಲವು ಯೋಜನೆಗಳು ಏಕಗವಾಕ್ಷಿ ಸಮಿತಿಯಲ್ಲೇ ತೀರ್ಮಾನವಾಗುತ್ತವೆ. ಒಂದು ನಡವಳಿ ತೆರೆದರೆ ಕಂಪನಿಯ ಹೆಸರು, ಕೇಳಿದ ಎಕರೆ, ನೀರು, ವಿದ್ಯುತ್, ಕೊಡಲಿರುವ ಉದ್ಯೋಗ ಎಲ್ಲ ಅಚ್ಚುಕಟ್ಟಾಗಿ ಸಿಗುತ್ತದೆ. ಪೀಣ್ಯದ ಸಣ್ಣ ಕೈಗಾರಿಕೆಯವನೂ ತನ್ನ ಪಕ್ಕದ ಪ್ಲಾಟಿಗೆ ಯಾರು ಬರುತ್ತಿದ್ದಾರೆಂದು ನೋಡಬಹುದು. ಆದರೆ ತೀರ್ಮಾನದ ಸಾಲಿಗೆ ಬಂದರೆ ದಾಖಲೆ ಬಾಯಿ ಮುಚ್ಚಿಕೊಳ್ಳುತ್ತದೆ. ಸಮಿತಿ ವಿವರವಾಗಿ ಚರ್ಚಿಸಿ ಅನುಮೋದಿಸಿತು ಎಂಬ ಅರ್ಥದ ಸಿದ್ಧವಾಕ್ಯವೇ ಯೋಜನೆಯಿಂದ ಯೋಜನೆಗೆ ಮರುಕಳಿಸುತ್ತದೆ. ವಿವರವಾದ ಆ ಚರ್ಚೆಯ ಒಂದು ವಿವರವೂ ಅಲ್ಲಿರುವುದಿಲ್ಲ.

ಐಟಿ ಕಂಪನಿಗಳಿಗೆ ಕೊಟ್ಟ ಸ್ಥಾಯಿ ಆದೇಶ ವಿನಾಯಿತಿಯೂ ಇದೇ ಜಾತಿಯದು. ಕೆಲಸದ ಷರತ್ತುಗಳನ್ನು ಕಂಪನಿ ಬರೆದಿಡಬೇಕೆನ್ನುತ್ತಿದ್ದ 1946ರ ಕೈಗಾರಿಕಾ ಉದ್ಯೋಗ (ಸ್ಥಾಯಿ ಆದೇಶಗಳು) ಕಾಯ್ದೆಯಿಂದ ಕೊಟ್ಟ ಈ ವಿನಾಯಿತಿಯನ್ನು 2014, 2019 ಮತ್ತು 2024ರಲ್ಲಿ ಐದೈದು ವರ್ಷಕ್ಕೆ ನವೀಕರಿಸಲಾಯಿತು. ಅಧಿಸೂಚನೆಯಲ್ಲಿ ಷರತ್ತುಗಳಿದ್ದವು: ಕುಂದುಕೊರತೆ ಸಮಿತಿ ಇರಬೇಕು, ಅಮಾನತು, ವಜಾ, ಹಿಂಬಡ್ತಿಯಂಥ ಶಿಸ್ತುಕ್ರಮಗಳನ್ನು ಉಪ ಕಾರ್ಮಿಕ ಆಯುಕ್ತರಿಗೂ ಕಾರ್ಮಿಕ ಆಯುಕ್ತರಿಗೂ ತಿಳಿಸಬೇಕು. ಷರತ್ತು ಪಾಲನೆಯಾಗಿದೆಯೇ ಎಂಬ ಲೆಕ್ಕವನ್ನು ಪ್ರತಿ ನವೀಕರಣಕ್ಕೂ ಮುಂಚೆ ಜನರ ಮುಂದಿಡಬೇಕೆಂಬ ಷರತ್ತು ಮಾತ್ರ ಇರಲಿಲ್ಲ. ವಿನಾಯಿತಿ ಕೇಳಿದವರ ವಾದ ಗೆಲ್ಲುತ್ತದೆ, ಆ ವಾದವನ್ನು ಪರೀಕ್ಷಿಸಬಹುದಾದ ಮಾಹಿತಿ ಇಲಾಖೆಯ ಕಪಾಟಿನಲ್ಲಿ ಉಳಿಯುತ್ತದೆ.

2023ರ ಫೆಬ್ರವರಿಯಲ್ಲಿ ಕಾರ್ಖಾನೆ ಕಾಯ್ದೆಗೆ ರಾಜ್ಯ ತಿದ್ದುಪಡಿ ತಂದಿತು. ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯ ಪಾಳಿಗೆ ಅವಕಾಶವಾಯಿತು. ಆ್ಯಪಲ್ ಮತ್ತು ಫಾಕ್ಸ್‌ಕಾನ್ ಇದಕ್ಕಾಗಿ ಲಾಬಿ ಮಾಡಿದ್ದವೆಂದು ಮರು ತಿಂಗಳು ವರದಿ ಮಾಡಿದ್ದು ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್. ಪೀಣ್ಯದ ಪಾಳಿ ಕೆಲಸಗಾರನಿಗೂ ಅನ್ವಯಿಸಿದ ಕಾನೂನಿನ ಹಿನ್ನೆಲೆಯನ್ನು ನಾವು ವಿದೇಶಿ ಪತ್ರಿಕೆಯಲ್ಲಿ ಓದಬೇಕಾಯಿತು.

ವಾಲ್‌ಮಾರ್ಟ್ ಕತೆಯೂ ಹೀಗೇ. ಭಾರತದ ಮಾರುಕಟ್ಟೆ ಪ್ರವೇಶವೂ ಸೇರಿದಂತೆ ಹಲವು ವಿಷಯಗಳ ಲಾಬಿಗೆ ಅದು ಮಾಡಿದ ಖರ್ಚು 2012ರ ಕೊನೆಯಲ್ಲಿ ಇಲ್ಲಿ ದೊಡ್ಡ ಸುದ್ದಿಯಾಯಿತು. ಮಾಹಿತಿ ಸಿಕ್ಕಿದ್ದು ಅಮೆರಿಕದ ಸೆನೆಟ್‌ಗೆ ಕಂಪನಿಯೇ ಕಾನೂನಿನಂತೆ ಸಲ್ಲಿಸಿದ್ದ ಘೋಷಣೆಗಳಲ್ಲಿ. ಕೇಂದ್ರ ಸರ್ಕಾರ 2013ರ ಜನವರಿಯಲ್ಲಿ ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರ ಏಕಸದಸ್ಯ ಸಮಿತಿ ನೇಮಿಸಿತು. ವಿಚಾರಣೆ ಖಚಿತ ತೀರ್ಮಾನವಿಲ್ಲದೆ ಮುಗಿಯಿತು. ಇಲ್ಲಿ ಲಾಬಿಯ ದಾಖಲೆಯನ್ನೇ ಇಡದಿದ್ದಾಗ ತನಿಖೆಗೆ ಸಿಗುವುದಾದರೂ ಏನು? ಅದೇ ವಾಲ್‌ಮಾರ್ಟ್ 2018ರಲ್ಲಿ 1,600 ಕೋಟಿ ಡಾಲರ್ ತೆತ್ತು ಬೆಂಗಳೂರಿನ ಫ್ಲಿಪ್‌ಕಾರ್ಟ್‌ನ ಒಡೆತನ ಪಡೆಯಿತು.

ತನಿಖೆ ನಡೆದು ವರದಿ ಬಂದ ಮೇಲೂ ಕಷ್ಟ ತೀರುವುದಿಲ್ಲ. ತುಮಕೂರು ರಸ್ತೆಯನ್ನು ಎಲೆಕ್ಟ್ರಾನಿಕ್ ಸಿಟಿಗೆ ಜೋಡಿಸುವ ನೈಸ್ ರಸ್ತೆಯ ಬಗ್ಗೆ ಟಿ.ಬಿ. ಜಯಚಂದ್ರ ನೇತೃತ್ವದ ಸದನ ಸಮಿತಿ ಕೊಟ್ಟ ವರದಿ 2016ರ ಡಿಸೆಂಬರ್‌ನಲ್ಲಿ ವಿಧಾನಸಭೆಯಲ್ಲಿ ಮಂಡನೆಯಾಯಿತು. ಮಂಡನೆಯಾದದ್ದರಿಂದಲೇ ಅದು ಜನರ ಆಸ್ತಿಯಾಯಿತು. ಅರ್ಕಾವತಿ ಬಡಾವಣೆಯ ಡಿನೋಟಿಫಿಕೇಷನ್ ಕುರಿತು ನ್ಯಾಯಮೂರ್ತಿ ಕೆಂಪಣ್ಣ ಆಯೋಗ 2017ರಲ್ಲೇ ಕೊಟ್ಟ ವರದಿಗೆ ಆ ಭಾಗ್ಯ ಬರಲಿಲ್ಲ. 2024ರಲ್ಲಿ ರಾಜ್ಯಪಾಲರೇ ಅದನ್ನು ಸರ್ಕಾರದಿಂದ ಕೇಳಬೇಕಾಯಿತು. ವರದಿ ಸಲ್ಲಿಕೆಯಾದ ಆರು ತಿಂಗಳೊಳಗೆ ಕೈಗೊಂಡ ಕ್ರಮದ ವಿವರದೊಂದಿಗೆ ಸದನದಲ್ಲಿಡಬೇಕು ಎಂದು 1952ರ ವಿಚಾರಣಾ ಆಯೋಗಗಳ ಕಾಯ್ದೆ ಹೇಳುತ್ತದೆ.

ತನಿಖೆಗೆ ಗೋಪ್ಯತೆ ಬೇಕು ಎಂಬ ವಾದದಲ್ಲಿ ಹುರುಳಿದೆ, ಆದರೆ ಅದಕ್ಕೂ ಮಿತಿಯಿದೆ. ಮಾಹಿತಿ ಹಕ್ಕು ಕಾಯ್ದೆಯ 8(1)(ಎಚ್) ಕಲಂ ತನಿಖೆಗೆ ಅಡ್ಡಿಯಾಗುವ ಮಾಹಿತಿಯನ್ನು ಮಾತ್ರ ತಡೆಯುತ್ತದೆ. ತನಿಖೆ ನಡೆಯುತ್ತಿದೆ ಎಂಬುದೊಂದೇ ಕಾರಣ ಸಾಲದು, ಹೇಗೆ ಅಡ್ಡಿಯಾಗುತ್ತದೆಂದು ತೋರಿಸಬೇಕು ಎಂದು ಭಗತ್ ಸಿಂಗ್ ಎಂಬ ಅರ್ಜಿದಾರರ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2007ರಲ್ಲೇ ಹೇಳಿದೆ. ಉದ್ಯಮಿಗಳು ಸರ್ಕಾರದ ಬಳಿ ಹೋಗಿ ತಮ್ಮ ಕಷ್ಟ ಹೇಳಿಕೊಳ್ಳುವುದು ಅಪರಾಧವೂ ಅಲ್ಲ. ಅಪರಾಧವಲ್ಲದ ಕೆಲಸವನ್ನು ಬರೆದಿಡಲು ಹಿಂಜರಿಕೆ ಏಕೆ ಎಂಬುದೇ ನನ್ನ ಪ್ರಶ್ನೆ.

ಇದಕ್ಕೆ ಹೊಸ ಸಂಸ್ಥೆ ಬೇಕಿಲ್ಲ. ಜನರನ್ನು ತಟ್ಟುವ ಮುಖ್ಯ ನೀತಿ ರೂಪಿಸುವಾಗ ಸಂಬಂಧಪಟ್ಟ ಎಲ್ಲ ಸಂಗತಿಗಳನ್ನು ಪ್ರಕಟಿಸಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ 4(1)(ಸಿ) ಕಲಂ 2005ರಿಂದಲೇ ಹೇಳುತ್ತಿದೆ. ಕೇಳುವ ಮೊದಲೇ ಕೊಡಬೇಕಾದ ಮಾಹಿತಿ ಅದು. ಚಿಲಿ ದೇಶ 2014ರಲ್ಲಿ ಜಾರಿಗೆ ತಂದ ಕಾನೂನು ಈ ಹೊಣೆಯನ್ನು ಅಧಿಕಾರಿಗಳ ಮೇಲೆ ಹೊರಿಸಿತು: ಲಾಬಿಗೆ ಬಂದವರು ಯಾರು, ಯಾವ ವಿಷಯಕ್ಕೆ ಬಂದರು ಎಂಬುದನ್ನು ಭೇಟಿಯಾದವರೇ ಪ್ರಕಟಿಸಬೇಕು. ಕೈಗಾರಿಕೆ, ಐಟಿ ಮತ್ತು ಕಾರ್ಮಿಕ ಇಲಾಖೆಗಳ ಸಚಿವರು, ಕಾರ್ಯದರ್ಶಿಗಳು ತಮ್ಮ ಭೇಟಿಗಳ ಪಟ್ಟಿಯನ್ನೂ ಪಡೆದ ಮನವಿಗಳನ್ನೂ ತಿಂಗಳಿಗೊಮ್ಮೆ ಪ್ರಕಟಿಸಲು ಒಂದು ಸರ್ಕಾರಿ ಆದೇಶ ಸಾಕು. ನೌಕರರ ಸಂಘದ ಮನವಿಯೂ ಆ ಪಟ್ಟಿಯಲ್ಲೇ ಬರಲಿ. ಯಾರ ಮಾತಿಗೆ ಎಷ್ಟು ತೂಕ ಸಿಕ್ಕಿತೆಂದು ಆಗ ಓದುಗರೇ ಅಳೆಯುತ್ತಾರೆ. ತನಿಖೆ ಬೇಕಾದ ದಿನ ತನಿಖಾಧಿಕಾರಿಗೂ ಶುರುಮಾಡಲು ಒಂದು ಕಾಗದವಿರುತ್ತದೆ.