ಕನ್ನಡಿಯೆಂಬ ಉಪಮಾನ: ನಿಸ್ತಂತು ಪ್ರತಿಫಲಕಗಳ ಪರಿಭಾಷೆಯ ವಿಮರ್ಶೆ

ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ಬರೆಯುವವರಿಗೆ ಒದಗುವ ತೊಡಕುಗಳಲ್ಲಿ ಪಾರಿಭಾಷಿಕ ಶಬ್ದಗಳ ಅಭಾವವೇ ಮುಖ್ಯವಾದುದೆಂದು ಹೇಳುವುದುಂಟು. ಶಬ್ದವಿಲ್ಲದಿರುವುದಕ್ಕಿಂತಲೂ ಹೆಚ್ಚಿನ ಅನರ್ಥವು ಒಪ್ಪದ ಉಪಮಾನದಿಂದ ಒದಗುವುದೆಂಬುದು ನಮ್ಮ ಅಭಿಪ್ರಾಯ. ನಿಸ್ತಂತು ವಾರ್ತಾಶಾಸ್ತ್ರದಲ್ಲಿ ಈಚೆಗೆ ಬಹುವಾಗಿ ಚರ್ಚಿತವಾಗುತ್ತಿರುವ ಒಂದು ಉಪಕರಣವನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಇಂಗ್ಲಿಷಿನಲ್ಲಿ ಇದನ್ನು ‘ಇಂಟೆಲಿಜೆಂಟ್ ರಿಫ್ಲೆಕ್ಟಿಂಗ್ ಸರ್ಫೇಸ್’ ಎಂದೂ ‘ರೀಕಾನ್ಫಿಗರಬಲ್ ಇಂಟೆಲಿಜೆಂಟ್ ಸರ್ಫೇಸ್’ ಎಂದೂ ಕರೆಯುವರು. ಜನಸಾಮಾನ್ಯರಿಗೆ ತಿಳಿಯಹೇಳುವಾಗ ‘ಜಾಣ ಕನ್ನಡಿ’ ಎಂಬರ್ಥದ ಮಾತನ್ನು ಬಳಸುವರು. ಈ ಎರಡು ಪದಗಳಲ್ಲಿ ‘ಜಾಣ’ ಎಂಬುದೂ ಸರಿಯಲ್ಲ, ‘ಕನ್ನಡಿ’ ಎಂಬುದೂ ಸರಿಯಲ್ಲ.

ವಸ್ತುಸ್ವರೂಪವನ್ನು ಮೊದಲು ಹೇಳಬೇಕು. ಇದೊಂದು ಚಪ್ಪಟೆಯಾದ ಫಲಕ. ಇದರ ಮೈಮೇಲೆ ತರಂಗದೂರದ ಅರ್ಧದಷ್ಟು ಅಥವಾ ಅದಕ್ಕಿಂತಲೂ ಕಿರಿದಾದ ಕೋಶಗಳು ಸಾಲುಸಾಲಾಗಿ ಇರುವುವು. ಒಂದೊಂದು ಕೋಶಕ್ಕೂ ಡಯೋಡಿನಂತಹ ಒಂದು ಸಣ್ಣ ಸಾಧನವು ಸೇರಿದ್ದು, ಅದಕ್ಕೆ ಕೊಡುವ ವಿದ್ಯುತ್ತನ್ನು ಮಾರ್ಪಡಿಸಿದರೆ ಕೋಶದಿಂದ ಹಿಂದಿರುಗುವ ತರಂಗದ ಪ್ರಾವಸ್ಥೆ, ಎಂದರೆ ಅದರ ಏರಿಳಿತದ ಕಾಲ, ಮುಂದಕ್ಕೋ ಹಿಂದಕ್ಕೋ ಸರಿಯುವುದು. ಎಲ್ಲ ಕೋಶಗಳ ತರಂಗಗಳೂ ಒಂದು ಸ್ಥಳದಲ್ಲಿ ಏಕಕಾಲಕ್ಕೆ ಏರುವಂತೆ ಹೊಂದಿಸಿದರೆ ಅಲ್ಲಿ ಸಂಕೇತವು ಬಲಗೊಳ್ಳುವುದು. ತೇರಿನ ಮಿಣಿಯನ್ನು ಹಿಡಿದ ನೂರು ಮಂದಿ ತಮತಮಗೆ ತೋರಿದಾಗ ಎಳೆದರೆ ತೇರು ಕದಲದು; ಒಂದೇ ಕೂಗಿಗೆ ಎಳೆದರೆ ಹೊರಡುವುದು. ಈ ಹೊಂದಿಕೆಯ ದೆಸೆಯಿಂದ ಕೋಶಗಳ ಸಂಖ್ಯೆ ಇಮ್ಮಡಿಯಾದರೆ ತಲಪುವ ಶಕ್ತಿ ನಾಲ್ಮಡಿಯಾಗುವುದು.

ಇದರ ಅವಶ್ಯಕತೆಯು ತರಂಗಗಳ ಸ್ವಭಾವದಿಂದಲೇ ಹುಟ್ಟಿತು. 2022ರಲ್ಲಿ ಭಾರತ ಸರ್ಕಾರವು ಐದನೆಯ ತಲೆಮಾರಿನ ದೂರವಾಣಿಗಾಗಿ ಹರಾಜು ಮಾಡಿದ ಪಟ್ಟಿಗಳಲ್ಲಿ 26 ಗಿಗಾಹರ್ಟ್ಸಿನದೂ ಒಂದು. ಇದರ ತರಂಗದೂರ ಸುಮಾರು 11.5 ಮಿಲಿಮೀಟರು. ಇಂತಹ ಕಿರುದೂರದ ತರಂಗಗಳು ನಮ್ಮ ದೇಶಕ್ಕೆ ಹೊಸವೇನೂ ಅಲ್ಲ; ಜಗದೀಶಚಂದ್ರ ಬೋಸರು 1890ರ ದಶಕದಲ್ಲಿಯೇ ಕಲಕತ್ತೆಯಲ್ಲಿ ಮಿಲಿಮೀಟರಿನ ಅಳತೆಯ ತರಂಗಗಳಿಂದ ಪ್ರಯೋಗಗಳನ್ನು ನಡೆಸಿದ್ದರು. ಇವು ಬಹಳ ವಾರ್ತೆಯನ್ನು ಹೊರಬಲ್ಲವು. ಆದರೆ ಅಡ್ಡಿಯನ್ನು ಬಳಸಿ ಹೋಗಲಾರವು. ಗುಡ್ಡ, ಗೋಡೆ, ಎಲೆದುಂಬಿದ ಮರ, ಕಡೆಗೆ ಮನುಷ್ಯನ ಮೈಯೂ ಇವನ್ನು ತಡೆಯುವುದು.

ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯ ನೆರೆಯ ಪ್ರದೇಶವನ್ನು ನೆನೆಯೋಣ. ಸೂಳೆಕೆರೆಯ ಏರಿಯು ಎರಡು ಗುಡ್ಡಗಳ ನಡುವಣ ಕಣಿವೆಯನ್ನು ಅಡ್ಡಗಟ್ಟಿ ನಿಂತಿದೆ. ಇಂತಹ ನೆಲದಲ್ಲಿ ಗುಡ್ಡದ ಒಂದು ಮಗ್ಗುಲಿಗೆ ಪ್ರಸಾರಸ್ತಂಭವೂ (ಜನರ ಮಾತಿನಲ್ಲಿ ಟವರು) ಮತ್ತೊಂದು ಮಗ್ಗುಲಿಗೆ ಊರೂ ಇದ್ದು, ಎರಡಕ್ಕೂ ಕಾಣುವ ಎತ್ತರದಲ್ಲಿ ಒಂದು ಚದರ ಮೀಟರಿನ ಫಲಕವನ್ನು ನಿಲ್ಲಿಸಿದೆವೆಂದು ಕಲ್ಪಿಸಿಕೊಳ್ಳಬಹುದು. ಕನ್ನಡಿಯ ಉಪಮಾನವನ್ನು ನಂಬಿದವನು, ಇನ್ನು ಮುಗಿಯಿತು, ಬೆಳಕು ಕನ್ನಡಿಯಿಂದ ತಿರುಗಿದಂತೆ ಸಂಕೇತವು ಊರಿಗೆ ತಿರುಗುವುದು ಎನ್ನುವನು. ಲೆಕ್ಕ ಬೇರೆಯೇ ಹೇಳುವುದು.

ದೊಡ್ಡ ಕನ್ನಡಿಯಲ್ಲಿ ಕ್ಷೀಣತೆಯು ಎರಡು ದೂರಗಳ ಮೊತ್ತವನ್ನು ಅನುಸರಿಸುವುದು: ಬಿಂಬದಿಂದ ಕನ್ನಡಿಗೆ, ಕನ್ನಡಿಯಿಂದ ಕಣ್ಣಿಗೆ. ಸಣ್ಣ ಫಲಕದಲ್ಲಿ ಅದು ಎರಡು ದೂರಗಳ ಗುಣಲಬ್ಧವನ್ನು ಅನುಸರಿಸುವುದು; ಏಕೆಂದರೆ ಫಲಕವು ತನ್ನ ಮೇಲೆ ಬಿದ್ದ ಅಲ್ಪಾಂಶವನ್ನು ಮಾತ್ರ ಸಂಗ್ರಹಿಸಿ, ಅದನ್ನು ತಾನೇ ಹೊಸದಾಗಿ ಹರಡಬೇಕು. 26 ಗಿಗಾಹರ್ಟ್ಸಿಗೆ ಒಂದು ಚದರ ಮೀಟರಿನಲ್ಲಿ ಸುಮಾರು 30,000 ಕೋಶಗಳು ಹಿಡಿಯುವುವು. ಸ್ತಂಭಕ್ಕೂ ಫಲಕಕ್ಕೂ 1,000 ಮೀಟರು, ಫಲಕಕ್ಕೂ ಊರಿಗೂ 1,000 ಮೀಟರು ಎಂದಿಟ್ಟುಕೊಂಡರೆ, ಒಂದು ಕೋಶವೂ ಕೆಡದೆ ನಷ್ಟವೇ ಇಲ್ಲದೆ ನಡೆದರೂ, 2,000 ಮೀಟರಿನ ನೇರದಾರಿಯು ಗುಡ್ಡವಿಲ್ಲದೆ ತೆರೆದಿದ್ದರೆ ತಲಪುತ್ತಿದ್ದ ಶಕ್ತಿಯ ನೂರಕ್ಕೆ 3 ಪಾಲು ಮಾತ್ರವೇ ತಲಪುವುದು. ಅದೇ ಫಲಕವನ್ನು ಊರಿನ ಬಳಿಗೆ ತಂದು, ಮನೆಗಳಿಂದ 50 ಮೀಟರಿನಲ್ಲಿ, ಸ್ತಂಭದಿಂದ 1,950 ಮೀಟರಿನಲ್ಲಿ ನಿಲ್ಲಿಸಿದರೆ ತೆರೆದ ದಾರಿಯ ಸುಮಾರು ಮೂರು ಪಾಲಿನಷ್ಟು ಶಕ್ತಿ ಒದಗುವುದು. ನಡುದಾರಿಯೇ ಅತಿ ಕೆಟ್ಟ ಸ್ಥಾನ. ಕನ್ನಡಿಯೆಂಬ ಒಂದೇ ಶಬ್ದವು ಈ ಮುಖ್ಯಾಂಶವನ್ನು ಮರೆಮಾಡುವುದು.

ನಮ್ಮ ಆಲಂಕಾರಿಕರು ಉಪಮೆಗೆ ಸಾಧಾರಣಧರ್ಮವು ಬೇಕೆಂದು ಹೇಳಿದರು. ಇಲ್ಲಿ ‘ತಿರುಗಿಸುವಿಕೆ’ ಎಂಬ ಧರ್ಮವು ಸಾಧಾರಣವಾದುದೇ ಸರಿ. ಆದರೆ ಅಳತೆಗೆ ಸಂಬಂಧಪಟ್ಟ ಧರ್ಮವು ಸಾಧಾರಣವಲ್ಲ, ಶಾಸ್ತ್ರಕ್ಕೆ ಬೇಕಾದುದಾದರೋ ಅದೇ. ಕಾವ್ಯದಲ್ಲಿ ಮುಖವನ್ನು ಚಂದ್ರನೆಂದರೆ ಯಾರೂ ಕಲೆಯನ್ನು ಎಣಿಸುವುದಿಲ್ಲ. ಶಾಸ್ತ್ರದಲ್ಲಿ ಹಾಗಲ್ಲ. ಈ ತಪ್ಪನ್ನು ಮೊದಲು ಎತ್ತಿ ತೋರಿಸಿದವರು ಸಾಹಿತಿಗಳಲ್ಲ, ಎಂಜಿನಿಯರುಗಳೇ: ಎಮಿಲ್ ಬ್ಯೋರ್ನ್‌ಸನ್ನರೂ ಅವರ ಸಂಗಡಿಗರೂ 2020ರಲ್ಲಿ ಈ ಕ್ಷೇತ್ರದ ಮೂರು ಮಿಥ್ಯೆಗಳನ್ನು ಹೆಸರಿಸಿ ಒಂದು ಲೇಖನವನ್ನೇ ಬರೆದರು. ಸಾಧಾರಣ ಮರುಪ್ರಸಾರ ಯಂತ್ರವನ್ನು ಮೀರಿಸಬೇಕಾದರೆ ಫಲಕವು ಬಹಳ ದೊಡ್ಡದಾಗಿರಬೇಕೆಂದೂ ಅವರ ಗಣಿತವು ತೋರಿಸಿತು.

ಇನ್ನು ‘ಜಾಣ’. ಇದು ಅಚೇತನದಲ್ಲಿ ಚೇತನವನ್ನು ಆರೋಪಿಸುವ ಮಾತು. ಕೋಶಗಳು ಕೇಳಲಾರವು, ನೋಡಲಾರವು. ತಮ್ಮ ಮೇಲೆ ಬಿದ್ದ ತರಂಗವು ಎಲ್ಲಿಂದ ಬಂತೆಂಬುದೂ ಅವಕ್ಕೆ ತಿಳಿಯದು. ಯಾವ ಕೋಶವು ಎಷ್ಟು ಸರಿಯಬೇಕೆಂಬುದನ್ನು ಸ್ತಂಭದ ಕಡೆಯ ಯಂತ್ರವು ಪರೀಕ್ಷಿಸಿ ಗೊತ್ತುಮಾಡಿ ಕಳುಹಿಸಬೇಕು. ಕೆರೆಯ ತೂಬು ಗದ್ದೆಗೆ ಬೇಕಾದಷ್ಟೇ ನೀರನ್ನು ಬಿಟ್ಟಿತೆಂದರೆ ಆ ಜಾಣ್ಮೆ ನೀರುಗಂಟಿಯದೇ ಹೊರತು ತೂಬಿನದಲ್ಲ. ಅದೂ ಅಲ್ಲದೆ, ಸಾವಿರಾರು ಕೋಶಗಳ ದಾರಿಯನ್ನು ಅಳೆಯುವುದರಲ್ಲಿಯೇ ಬಹಳ ಕಾಲವು ವ್ಯಯವಾಗುವುದು. ಅಷ್ಟರಲ್ಲಿ ಕೇಳುವವನು ಸ್ಥಳ ಬದಲಿಸಿರಬಹುದು.

ಈ ಸಂದರ್ಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಲ್. ಯಶವಂತ್ ಮತ್ತು ಚಂದ್ರ ಆರ್. ಮೂರ್ತಿಯವರು 2023ರಲ್ಲಿ ಪ್ರಕಟಿಸಿದ ಸಂಶೋಧನೆಯು ವಿಶೇಷವಾಗಿ ಗಮನಾರ್ಹವಾದುದು. ಅಳೆಯುವ ಈ ಶ್ರಮವನ್ನು ಬಿಟ್ಟು, ಫಲಕವನ್ನು ಕ್ಷಣಕ್ಷಣಕ್ಕೂ ಯಾದೃಚ್ಛಿಕವಾಗಿ ಮಾರ್ಪಡಿಸುತ್ತ ಹೋಗುವುದು. ಆಯಾ ಕ್ಷಣದಲ್ಲಿ ಯಾವ ಗ್ರಾಹಕನಿಗೆ ಅನುಕೂಲವಾಗಿ ಬಿದ್ದಿತೋ ಅವನಿಗೆ ವಾರ್ತೆಯನ್ನು ಕಳುಹಿಸುವುದು: ಇದು ಅವರು ಪರಿಶೀಲಿಸಿದ ಕ್ರಮ. ಗ್ರಾಹಕರು ಬಹುಮಂದಿಯಾದಷ್ಟೂ ಇದರ ಫಲ ಹೆಚ್ಚು. ಕೋಶಗಳು ಹೆಚ್ಚಿದಷ್ಟೂ ಆಕಸ್ಮಿಕ ಹೊಂದಿಕೆ ಅಪೂರ್ವವಾಗುವುದರಿಂದ ಇನ್ನೂ ಹೆಚ್ಚು ಮಂದಿ ಬೇಕಾಗುವುದು. ಯಾವ ಜಾಣತನವೂ ಇಲ್ಲದ ಫಲಕವೂ ಪ್ರಯೋಜನಕಾರಿಯೆಂದು ಹೇಳುವ ಈ ಲೇಖನದ ಶಿರೋನಾಮೆಯಲ್ಲಿಯೂ ‘ಇಂಟೆಲಿಜೆಂಟ್’ ಎಂಬ ವಿಶೇಷಣವೇ ನಿಂತಿರುವುದು ರೂಢಿಯ ಬಲಕ್ಕೆ ಸಾಕ್ಷಿ.

ಪರಕೀಯ ಶಬ್ದಗಳ ದೋಷವನ್ನು ಎಣಿಸುವಾಗ ನಮ್ಮ ಮನೆಯದನ್ನು ಮರೆಯಲಾಗದು. ನಮ್ಮ ವೃತ್ತಪತ್ರಿಕೆಗಳು ‘ತರಂಗಾಂತರ ಹರಾಜು’ ಎಂದು ಬರೆಯುವುವು. ತರಂಗಾಂತರವೆಂದರೆ ಒಂದು ತರಂಗಕ್ಕೂ ಮುಂದಿನ ತರಂಗಕ್ಕೂ ಇರುವ ಅಂತರ, ಎಂದರೆ ತರಂಗದೂರವೇ. ಹರಾಜಾಗುವುದು ಕಂಪನಾಂಕಗಳ ಪಟ್ಟಿ. ಒಂದು ಹೆಚ್ಚಿದರೆ ಮತ್ತೊಂದು ಕಡಮೆಯಾಗುವುದರಿಂದ, ‘ಹೆಚ್ಚಿನ ತರಂಗಾಂತರ’ ಎಂಬುದು ಉದ್ದೇಶಕ್ಕೆ ನೇರ ವಿರುದ್ಧವಾದ ಅರ್ಥವನ್ನು ಕೊಡುವುದು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದ ನಾಡಿನಲ್ಲಿ ಈ ಶಬ್ದವಿನ್ನೂ ತಿದ್ದುಪಡಿಯಾಗದಿರುವುದು ವ್ಯಸನಕರ. ಒಳ್ಳೆಯ ಶಬ್ದವು ತಾನಾಗಿ ನಿಲ್ಲುವುದೆಂಬುದಕ್ಕೆ, ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ತೆರೆದ ರೇಡಿಯೋ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಭಾರತದ ಪ್ರಸಾರಕ್ಕೆಲ್ಲ ಹೆಸರಾದುದೇ ದೃಷ್ಟಾಂತ.

ನಮ್ಮ ಉಪಕರಣಕ್ಕೆ ‘ಪುನರ್ವಿನ್ಯಾಸಯೋಗ್ಯ ಪ್ರತಿಫಲಕತಲ’ ಎಂಬ ಅನುವಾದವು ನಿರ್ದುಷ್ಟವಾದರೂ ನಾಲಗೆಗೆ ಏರದು. ಮಾಡುವ ಕೆಲಸವು ಪ್ರಾವಸ್ಥೆಗಳ ಹೊಂದಿಕೆಯಾದುದರಿಂದ ‘ಹೊಂದಿಸುಫಲಕ’ ಎನ್ನೋಣವೆಂದರೆ, ಕನ್ನಡಕ್ಕೆ ಸಂಸ್ಕೃತವನ್ನು ಕೂಡಿಸಿದ ಅರಿಸಮಾಸವೆಂದು ವೈಯಾಕರಣರು ಆಕ್ಷೇಪಿಸಬಹುದು. ಫಲಕದ ತದ್ಭವ ಹಲಗೆ. ‘ಹೊಂದಿಸುಹಲಗೆ’ ಎಂದರೆ ಆ ಆಕ್ಷೇಪಣೆಯೂ ನಿಲ್ಲದು. ಕರಿಹಲಗೆಯ ಮುಂದೆ ನಿತ್ಯವೂ ನಿಲ್ಲುವ ಉಪಾಧ್ಯಾಯರಿಗೆ ಇದು ಅಪರಿಚಿತವೆಂದೂ ತೋರದು.