ಶೂನ್ಯಗೃಹದ ಭಯ

ಭಯವೂ ಒಂದು ರಸಕ್ಕೆ ಮೂಲವಾಗಬಲ್ಲದೆಂದು ನಮ್ಮ ಅಲಂಕಾರಿಕರು ಒಪ್ಪಿದ್ದಾರೆ. ಭಯಾನಕ ರಸದ ವಿಭಾವಗಳನ್ನು ಎಣಿಸುವಾಗ ಭರತನು ಯುದ್ಧ, ಅರಣ್ಯ, ವಿಕಾರವಾದ ಧ್ವನಿ ಇವುಗಳ ಜತೆಗೆ ಶೂನ್ಯಗೃಹವನ್ನೂ ಹೇಳುತ್ತಾನೆ. ಹೊತ್ತು ಮುಳುಗಿದ ಮೇಲೆ ಹಾಳುಬಿದ್ದ ವಾಡೆಯ ಮುಂದೆ ಹಾಯುವಾಗ ಹೆಜ್ಜೆ ತಾನಾಗಿಯೇ ಚುರುಕಾಗುವುದನ್ನು ಬಲ್ಲ ಗೋಕಾಕ ಸೀಮೆಯ ಓದುಗರಿಗೆ ಈ ಮಾತಿನ ಭಾಷ್ಯ ಬೇಕಾಗಿಲ್ಲ.

ಆದರೆ ವಾಡೆಯ ದೆವ್ವಕ್ಕೆ ಒಂದು ಮನೆತನವುಂಟು. ಅದು ಯಾರ ಅಜ್ಜ, ಯಾವ ಆಸೆ ತೀರದೆ ಉಳಿಯಿತು, ಏನನ್ನು ಕೊಟ್ಟರೆ ಶಾಂತವಾಗುವುದು ಎಂಬುದೆಲ್ಲ ಊರಿಗೆ ಗೊತ್ತು. ಹೋಟೆಲಿನ ದೆವ್ವಕ್ಕೆ ಇವು ಯಾವುವೂ ಇಲ್ಲ. ಅಲ್ಲಿ ಇಳಿಯುವವರೆಲ್ಲ ಒಂದು ರಾತ್ರಿಯ ನಂಟರು. ನಿನ್ನೆ ಅದೇ ಹಾಸಿಗೆಯಲ್ಲಿ ಮಲಗಿದ್ದವನ ಹೆಸರು ಇಂದು ಮಲಗುವವನಿಗೆ ತಿಳಿಯದು. ಇಂತಹ ಮನೆಯಲ್ಲಿ ಭಯದ ಕಥೆ ಹುಟ್ಟುವುದು ಹೇಗೆ? ಅಮೇರಿಕದ ಸ್ಟ್ಯಾನ್ಲಿ ಹೋಟೆಲನ್ನೂ ಅದರಿಂದ ಹುಟ್ಟಿದ ‘ದಿ ಶೈನಿಂಗ್’ ಕಾದಂಬರಿಯನ್ನೂ ಎದುರೆದುರಾಗಿ ಇಟ್ಟು ನೋಡಿದರೆ ಈ ಪ್ರಶ್ನೆಗೆ ಉತ್ತರ ದೊರೆಯುತ್ತದೆ.

ಕೊಲೊರಾಡೊ ಪ್ರಾಂತದ ಎಸ್ಟೆಸ್ ಪಾರ್ಕ್ ಎಂಬ ಊರು ಸಮುದ್ರಮಟ್ಟದಿಂದ ಸುಮಾರು 7,500 ಅಡಿ ಎತ್ತರದಲ್ಲಿದೆ. ಉಗಿಯಿಂದ ಓಡುವ ಮೋಟಾರು ಗಾಡಿಗಳನ್ನು ಅವಳಿ ಸೋದರನೊಡನೆ ನಿರ್ಮಿಸಿ ಹೆಸರಾದ ಫ್ರೀಲನ್ ಸ್ಟ್ಯಾನ್ಲಿಯು ಕ್ಷಯರೋಗದಿಂದ ಬಳಲುತ್ತ 1903ರಲ್ಲಿ ಅಲ್ಲಿಗೆ ಬಂದು, ಆ ಹವೆಯಲ್ಲಿ ಚೇತರಿಸಿಕೊಂಡು, 1909ರಲ್ಲಿ ಈ ಹೋಟೆಲನ್ನು ತೆರೆದನು. 1911ರಲ್ಲಿ ಅನಿಲ ಸೋರಿ ಆಸ್ಫೋಟವಾದಾಗ ಸೇವಕಿಯೊಬ್ಬಳು ಗಾಯಗೊಂಡಳಾದರೂ ಜೀವದಿಂದ ಉಳಿದಳು. ಕಟ್ಟಿಸಿದವನು ರೋಗವನ್ನು ಗೆದ್ದವನು, ಗಾಯಗೊಂಡವಳು ಬದುಕಿದವಳು. ಚರಿತ್ರೆಯನ್ನಷ್ಟೇ ನೋಡಿದರೆ ಇಲ್ಲಿ ದೆವ್ವಕ್ಕೆ ಆಸ್ಪದವೇ ಕಡಿಮೆ.

1974ರ ಶರತ್ಕಾಲದಲ್ಲಿ ಸ್ಟೀಫನ್ ಕಿಂಗ್ ಎಂಬ ತರುಣ ಲೇಖಕನು ಹೆಂಡತಿಯೊಡನೆ ಅಲ್ಲಿ ಒಂದು ರಾತ್ರಿ ಇಳಿದನು. ಚಳಿಗಾಲಕ್ಕಾಗಿ ಹೋಟೆಲನ್ನು ಮುಚ್ಚುವ ಸಮಯವದು. ದೊಡ್ಡ ಊಟದ ಮನೆಯಲ್ಲಿ ಅವರಿಬ್ಬರ ಮೇಜೊಂದನ್ನು ಬಿಟ್ಟು ಉಳಿದೆಡೆ ಕುರ್ಚಿಗಳನ್ನು ಮೇಜಿನ ಮೇಲೆ ಎತ್ತಿಟ್ಟಿದ್ದರು. ಅವರಿಗೆ ದೊರೆತದ್ದು 217ನೆಯ ಕೋಣೆ. ಆ ರಾತ್ರಿ ಅವನ ಕನಸಿನಲ್ಲಿ ಮೂರು ವರ್ಷದ ಮಗನು ಆ ನಡುಹಾದಿಗಳಲ್ಲಿ ಚೀರುತ್ತ ಓಡುತ್ತಿದ್ದನು. ಬೆಂಕಿ ನಂದಿಸುವ ನೀರಿನ ಕೊಳವೆಯೊಂದು ಹಾವಿನಂತೆ ಅವನನ್ನು ಅಟ್ಟುತ್ತಿತ್ತು. ಎಚ್ಚತ್ತು ಒಂದು ಸಿಗರೇಟು ಸೇದಿ ಮುಗಿಸುವಷ್ಟರಲ್ಲಿ ಕಥೆಯ ಅಸ್ಥಿಪಂಜರ ಸಿದ್ಧವಾಗಿತ್ತೆಂದು ಲೇಖಕನೇ ಹೇಳಿಕೊಂಡಿದ್ದಾನೆ. ಗಮನಿಸತಕ್ಕ ಸಂಗತಿಯೆಂದರೆ, ಕನಸಿನಲ್ಲಿ ಬಂದುದು ಸತ್ತವರ ಛಾಯೆಯಲ್ಲ, ಸ್ವಂತ ಮಗು.

1977ರಲ್ಲಿ ಪ್ರಕಟವಾದ ಕಾದಂಬರಿಯಲ್ಲಿ ಈ ಬೀಜವೇ ಮರವಾಗಿದೆ. ಕಥಾನಾಯಕ ಜ್ಯಾಕ್, ಕುಡಿತವನ್ನು ಬಿಟ್ಟವನು, ಶಾಲೆಯ ಕೆಲಸವನ್ನು ಕಳೆದುಕೊಂಡವನು. ಹಿಂದೊಮ್ಮೆ ಕುಡಿದ ಕೋಪದಲ್ಲಿ ತನ್ನ ಚಿಕ್ಕ ಮಗನ ಕೈಯನ್ನು ಮುರಿದವನು. ಹಿಮದಿಂದ ದಾರಿ ಕಟ್ಟಿಹೋಗುವ ಹೋಟೆಲೊಂದನ್ನು ಚಳಿಗಾಲವೆಲ್ಲ ಕಾಯುವ ಕೆಲಸ ಅವನಿಗೆ ಒದಗುತ್ತದೆ. ನೆಲಮಾಳಿಗೆಯ ಹಳೆಯ ಉಗಿಪಾತ್ರೆಯ ಒತ್ತಡವನ್ನು ದಿನದಿನವೂ ಇಳಿಸಬೇಕು. ಮರೆತರೆ ಕಟ್ಟಡವೇ ಸಿಡಿಯುವುದು. ಮನುಷ್ಯನ ಕೋಪಕ್ಕೆ ಇದಕ್ಕಿಂತ ತಕ್ಕ ಉಪಮಾನ ದೊರೆಯುವುದು ಕಷ್ಟ.

ಭರತನು ಭಯಾನಕವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ: ವ್ಯಾಜದಿಂದ, ಎಂದರೆ ನಟನೆಯಿಂದ ಆದದ್ದು; ಅಪರಾಧದಿಂದ ಆದದ್ದು; ಬೆದರಿಕೆಯಿಂದ ಆದದ್ದು. ಕಾದಂಬರಿಯಲ್ಲಿ ಪ್ರಾಣಿಗಳ ಆಕಾರಕ್ಕೆ ಕತ್ತರಿಸಿದ ಗಿಡಗಳು ಚಲಿಸುತ್ತವೆ, ಕೋಣೆಯೊಳಗಿನ ಶವ ಏಳುತ್ತದೆ. ಇವು ಬೆದರಿಕೆಯ ಭಯಗಳು; ಮೊದಲ ಓದಿಗೆ ಕೂದಲು ನಿಮಿರಿಸಿ ಎರಡನೆಯ ಓದಿಗೆ ಬಳಲುತ್ತವೆ. ಗ್ರಂಥದ ವಿಸ್ತಾರಕ್ಕೂ ಇವೇ ಕಾರಣ. ಆದರೆ ತಂದೆಯ ಹೆಜ್ಜೆಯ ಸಪ್ಪಳವನ್ನು ಕೇಳಿ ಮಗುವು ಅವನ ಮನಸ್ಸಿನ ಹವೆಯನ್ನು ಅಳೆಯುವ ಪುಟಗಳು ಎಷ್ಟು ಸಲ ಓದಿದರೂ ಮಾಸವು. ಅವು ಅಪರಾಧದಿಂದ ಹುಟ್ಟಿದ ಭಯ. ಕೊನೆಯಲ್ಲಿ ಜ್ಯಾಕನು ಒಂದು ಕ್ಷಣ ತಂದೆಯಾಗಿ ಮರಳಿ, ಮಗನಿಗೆ ಓಡಿಹೋಗೆನ್ನುತ್ತಾನೆ. ಬಳಿಕ ಉಗಿಪಾತ್ರೆ ಸಿಡಿದು ಹೋಟೆಲು ಉರಿಯುತ್ತದೆ. ಭಯಾನಕದ ಒಡಲಿನಲ್ಲಿ ಕರುಣ ಮೂಡುವ ಈ ಕ್ಷಣವೇ ಕೃತಿಯ ಶಿಖರ.

1980ರಲ್ಲಿ ಸ್ಟ್ಯಾನ್ಲಿ ಕ್ಯೂಬ್ರಿಕ್‌ನು ತೆಗೆದ ಚಿತ್ರವು ದೃಶ್ಯವೈಭವದಲ್ಲಿ ಅಸಾಧಾರಣವಾದುದು. ಆದರೆ ಅದರಲ್ಲಿ ಆ ಕ್ಷಣವಿಲ್ಲ. ಹೋಟೆಲು ನಿಲ್ಲುತ್ತದೆ, ಮನುಷ್ಯನು ಹಿಮದಲ್ಲಿ ಹೆಪ್ಪುಗಟ್ಟುತ್ತಾನೆ. ಕಿಂಗ್‌ನಿಗೆ ಆ ಚಿತ್ರವು ರುಚಿಸದೆ ಹೋದುದು ಆಶ್ಚರ್ಯವಲ್ಲ.

ಇಂದು ಸ್ಟ್ಯಾನ್ಲಿ ಹೋಟೆಲಿಗೆ ಬರುವವರಲ್ಲಿ ಅನೇಕರು ದೆವ್ವವನ್ನು ಅರಸಿಯೇ ಬರುತ್ತಾರೆ. ಅವರಿಗಾಗಿ ಕಟ್ಟಡವನ್ನು ಸುತ್ತಿಸಿ ತೋರಿಸುವ ಏರ್ಪಾಡುಂಟು. 217ನೆಯ ಕೋಣೆಯನ್ನು ಬಯಸಿ ಕೇಳುವವರುಂಟು. ಸಂಗೀತಶಾಲೆಯ ಪಿಯಾನೊ ತಾನಾಗಿ ನುಡಿಯುವುದೆಂಬ ಮಾತುಂಟು. ಬೆಳಗಾದೊಡನೆ ಉಪಾಹಾರ ಮುಗಿಸಿ ಹೊರಡಬಲ್ಲವನ ಈ ಭಯ ವ್ಯಾಜದ್ದು. ಅದು ವಿನೋದವೆಂಬಷ್ಟಕ್ಕೆ ನಿರ್ದೋಷ. ಆದರೆ ಕೋಣೆಯ ಸಂಖ್ಯೆಯನ್ನು ನೆನಪಿಟ್ಟು, ಮುರಿದ ಕೈಯನ್ನು ಮರೆತವನು ಪುಸ್ತಕವನ್ನು ಓದಿದವನಲ್ಲ.

ನಮ್ಮ ದೇಶದ ಪ್ರವಾಸಿ ಬಂಗಲೆಗಳೂ ಇಂತಹ ಕಥೆಗೆ ಎಡೆಗೊಟ್ಟಿವೆ. 1888ರಷ್ಟು ಹಿಂದೆಯೇ ಕಿಪ್ಲಿಂಗನು ಡಾಕ್ ಬಂಗಲೆಯೊಂದರ ಕಥೆ ಬರೆದನು. ಅದರಲ್ಲಿ ರಾತ್ರಿ ಪಕ್ಕದ ಕೋಣೆಯಿಂದ ಬಿಲಿಯರ್ಡ್ಸ್ ಆಟದ ಸಪ್ಪಳ ಕೇಳುತ್ತದೆ. ಕಾರಣ ನೋಡಿದರೆ ಮೇಲ್ಕಟ್ಟಿನ ಬಟ್ಟೆಯೊಳಗಿನ ಇಲಿ ಮತ್ತು ಸಡಿಲವಾದ ಕಿಟಕಿ! ಕಥೆ ಚತುರವಾದುದು, ಆದರೆ ಇಲಿ ಸಿಕ್ಕೊಡನೆ ಭಯವೂ ಮುಗಿಯುತ್ತದೆ, ಏಕೆಂದರೆ ಅಲ್ಲಿ ಯಾರ ಅಪರಾಧವೂ ಇಲ್ಲ.

ಕನ್ನಡದಲ್ಲಿ ದೆವ್ವದ ಕಥೆಯನ್ನು ಬರೆಯಬಯಸುವವರು ಇದನ್ನು ಯೋಚಿಸತಕ್ಕದ್ದು. ಹಾಳು ವಾಡೆಗೂ ಹಳೆಯ ಬಂಗಲೆಗೂ ನಮ್ಮಲ್ಲಿ ಬರವಿಲ್ಲ. ಕಿರ್ರೆನ್ನುವ ಕದವನ್ನು ವರ್ಣಿಸುವುದೂ ಕಷ್ಟವಲ್ಲ. ಆ ಕದದ ಹಿಂದೆ ಯಾರು ಯಾರಿಗೆ ಮಾಡಿದ ಅನ್ಯಾಯ ಅಡಗಿದೆ ಎಂಬುದನ್ನು ಮೊದಲು ಕಂಡುಕೊಂಡವನ ಕಥೆ, ದೀಪ ಹಚ್ಚಿದ ಮೇಲೆಯೂ ಓದುಗನ ಮನಸ್ಸಿನಲ್ಲಿ ನಿಲ್ಲುವುದು.